ಕನ್ನಡಕದ ಅಂಗಡಿಯ ಮಹಡಿಯಲ್ಲಿ ತಲೆಕೆಳಗಾದ ಗಾಂಧಿ ಬಜಾರು

ಬೆಂಗಳೂರಿನ ಗಾಂಧಿ ಬಜಾರಿನ ಕನ್ನಡಕದ ಅಂಗಡಿಯವರಿಗೆ ಬೇಕಿದ್ದುದು ಒಂದು ಜಾಹೀರಾತು. 2018ರಲ್ಲಿ ಹೈಕೋರ್ಟ್ ಫ್ಲೆಕ್ಸುಗಳ ವಿರುದ್ಧ ಬಿಗಿಪಟ್ಟು ಹಿಡಿದ ಮೇಲೆ ಬೀದಿಯಲ್ಲಿ ಅದನ್ನು ಕಟ್ಟಲು ಅವರಿಗೆ ಮನಸ್ಸಿರಲಿಲ್ಲ. ‘ಜನ ಮೆಟ್ಟಿಲು ಹತ್ತಿ ಒಳಗೆ ಬರುವಂತೆ ಏನಾದರೂ ಮಾಡಿ ಸ್ವಾಮಿ’ ಎಂದರು. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಕೂರಿಸಿದ್ದು ನೆನಪಾಯಿತು. ಅದಕ್ಕೆ ಯಾರ ವಿವರಣೆಯೂ ಬೇಕಾಗಿರಲಿಲ್ಲ. ಮೇಲಿನ ಖಾಲಿ ಕೋಣೆಯನ್ನೇ ಕ್ಯಾಮೆರಾ ಮಾಡೋಣ ಎಂದೆ.

ಉಪಾಯ ಹಳೆಯದು. ಅಮೆರಿಕದ ಛಾಯಾಗ್ರಾಹಕ ಅಬೆಲಾರ್ಡೊ ಮೊರೆಲ್ 1991ರಿಂದ ಕೋಣೆಗಳನ್ನು ಕತ್ತಲು ಮಾಡಿ, ಸಣ್ಣ ರಂಧ್ರದ ಮೂಲಕ ಗೋಡೆಗೆ ಬೀಳುವ ಹೊರನೋಟದ ಫೋಟೊ ತೆಗೆದಿದ್ದಾರೆ. ನಮ್ಮದರಲ್ಲಿ ರಂಧ್ರಕ್ಕೆ ಅಂಗಡಿಯ ಸರಕನ್ನೇ ಹಾಕಿದೆವು: ಫ್ರೇಮಿಗೆ ಕತ್ತರಿಸದ ಪ್ಲಸ್ 0.50 ಪವರಿನ ಲೆನ್ಸು.

ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ, ಬಾಗಿಲ ಸಂದಿಗೆ ಹಳೆಯ ಚಾಪೆ. ಹಾಳೆಯಲ್ಲಿ 6 ಸೆಂಟಿಮೀಟರ್ ಅಗಲದ ತೂತು. ಪ್ಲಸ್ 0.50 ಎಂದರೆ ನಾಭಿದೂರ, ಅಂದರೆ ಬಹುದೂರದ ವಸ್ತುವಿನ ಚಿತ್ರ ಲೆನ್ಸಿನಿಂದ ಸ್ಪಷ್ಟವಾಗಿ ಮೂಡುವ ದೂರ, 2 ಮೀಟರ್. ಆದರೆ ಚಿತ್ರ ಬೀಳುವ ಪರದೆಯನ್ನು ಅಷ್ಟಕ್ಕೇ ನಿಲ್ಲಿಸಿದರೆ ಆಕಾಶ ಮಾತ್ರ ಸ್ಪಷ್ಟ. ಎದುರು ಸಾಲಿನ ಕಟ್ಟಡ ಸುಮಾರು 15 ಮೀಟರ್ ದೂರವಿದ್ದುದರಿಂದ ಪರದೆ 2.3 ಮೀಟರಿಗೆ ಸರಿಯಬೇಕು. ಹಾಗಾಗಿ ಚಕ್ರವಿರುವ ಚೌಕಟ್ಟಿಗೇ ಪರದೆ ಕಟ್ಟಿದೆವು.

ಪರದೆ ಯಾವುದು ಎಂಬುದರಲ್ಲಿ ಬಹಳ ತಲೆ ಕೆಡಿಸಿಕೊಂಡೆ. ಬಿಳಿ ಥರ್ಮಾಕೋಲಿನ ಮೇಲೆ ಚಿತ್ರ ಚೆಂದ, ಆದರೆ ಬೋರ್ಡಿನ ಅಕ್ಷರಗಳು ತಲೆಕೆಳಗಾಗುವುದಷ್ಟೇ ಅಲ್ಲದೆ ಕನ್ನಡಿಯಲ್ಲಿ ಕಂಡಂತೆ ತಿರುಗಿಯೂ ಬಿಡುತ್ತವೆ. ಟ್ರೇಸಿಂಗ್ ಹಾಳೆ ಕಟ್ಟಿ ಹಿಂಬದಿಯಿಂದ ನೋಡಿದರೆ ತಲೆಕೆಳಗು ಮಾತ್ರ. ಕತ್ತು ವಾಲಿಸಿದರೆ ಓದಬಹುದು. ನಡುವೆ ಸ್ವಲ್ಪ ಹೆಚ್ಚು ಬೆಳಗುತ್ತದೆ, ಅಂಚು ಮಸುಕು. ನನಗೆ ಅದೇ ಇಷ್ಟವಾಯಿತು.

ಬಂದವರನ್ನು ಮೊದಲು ಲೆನ್ಸಿಲ್ಲದ ತೂತಿನ ಮುಂದೆ ಕೂರಿಸುತ್ತಿದ್ದೆವು. ಪರದೆಯ ತುಂಬ ಬಣ್ಣದ ಮಬ್ಬು, ಏನೆಂದೇ ತಿಳಿಯದು. ಅಂಗಡಿಯವರು ಲೆನ್ಸನ್ನು ತೂತಿಗೆ ಅಡ್ಡ ಹಿಡಿಯುತ್ತಿದ್ದಂತೆ ಸೇವಂತಿಗೆಯ ರಾಶಿ, ಆಟೊ, ಮರದ ಎಲೆ ಎಲ್ಲ ಬಿಡಿಬಿಡಿಯಾಗಿ ಮೂಡುತ್ತಿದ್ದವು. ‘ಅಯ್ಯೋ, ನನ್ನ ಕಣ್ಣೂ ಹೀಗೇ ಅಲ್ಲವೇ!’ ಎಂದು ಒಬ್ಬ ಅಜ್ಜಿ ಕೂಗಿದರು. ‘ಶೇಕಡಾ ಇಷ್ಟು ರಿಯಾಯಿತಿ’ ಎಂಬ ಚೀಟಿ ಅಂಟಿಸುವ ಆಸೆ ಮಾಲೀಕರಿಗೆ ಅಲ್ಲಿಯವರೆಗೂ ಇತ್ತು. ಆಮೇಲೆ ಆ ಮಾತೆತ್ತಲಿಲ್ಲ.

ಫೋಟೊ ವಿಷಯಕ್ಕೆ ಬಂದರೆ, ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ ಐಎಸ್‌ಒ 400, ಅದರ ಕಿಂಡಿ ಎಫ್/8 ಇಟ್ಟರೆ, ತೂತಿನಲ್ಲಿ ಲೆನ್ಸಿದ್ದಾಗ ಸುಮಾರು 5 ಸೆಕೆಂಡು ಬೆಳಕು ಬಿಟ್ಟರೆ ಸಾಕು. ಲೆನ್ಸಿಲ್ಲದೆ 1 ಸೆಂಟಿಮೀಟರ್ ತೂತಾದರೆ ಹೆಚ್ಚುಕಡಿಮೆ 3 ನಿಮಿಷ. ಅಷ್ಟು ಹೊತ್ತಿನಲ್ಲಿ ಒಂದೆಡೆ ನಿಲ್ಲದ ನಡೆದಾಡುವವರು, ವಾಹನಗಳು ಎಲ್ಲ ಚಿತ್ರದಿಂದ ಮಾಯ. ಖಾಲಿ ಗಾಂಧಿ ಬಜಾರು ನನಗೆ ಅದ್ಭುತವೆನಿಸಿತು. ಮಾಲೀಕರು ಒಂದೇ ಮಾತು ಹೇಳಿದರು: ‘ಗಿರಾಕಿಯೇ ಇಲ್ಲದ ಬೀದಿ ತೋರಿಸಿ ಯಾವ ವ್ಯಾಪಾರ ಮಾಡಲಿ?’ ಐಎಸ್‌ಒ 3200ಕ್ಕೆ ಏರಿಸಿ, ಅರೆ ಸೆಕೆಂಡಿನ ಆಸುಪಾಸಿನಲ್ಲಿ ಜನರನ್ನು ಉಳಿಸಿಕೊಂಡೆ. ಕಣ್ಣು ಪರೀಕ್ಷೆಯ ಕುರ್ಚಿಯನ್ನು ಪರದೆಯ ಪಕ್ಕ ಇಟ್ಟು ತೆಗೆದ ಆ ಚಿತ್ರವನ್ನು ತಿರುಗಿಸಿ ಮುದ್ರಿಸಿದೆವು: ಬೀದಿ ನೆಟ್ಟಗಿದೆ, ಕುರ್ಚಿ ಮೇಲಿನಿಂದ ನೇತಾಡುತ್ತಿದೆ.

ಮಾಡಿ ನೋಡುವವರಿಗೆ ಮಳೆಗಾಲ ಬೇಡ, ಮೋಡವಿದ್ದರೆ ಚಿತ್ರ ಸೊರಗುತ್ತದೆ. ಕಿಟಕಿ ಪಶ್ಚಿಮಕ್ಕಿದ್ದರೆ ಬೆಳಗಿನ ಹೊತ್ತೇ ಸರಿ, ಬಿಸಿಲು ಎದುರು ಸಾಲಿನ ಮುಖಕ್ಕೆ ಬೀಳಬೇಕು. ಕೋಣೆ ಮುಚ್ಚಿರುವುದರಿಂದ ಬೇಗ ಕಾಯುತ್ತದೆ; ಒಮ್ಮೆಗೆ ನಾಲ್ಕೈದು ಜನರಿಗಿಂತ ಹೆಚ್ಚು ಬಿಡಬೇಡಿ.