ತಕ್ಕಡಿ ಇಲ್ಲದ ಅಡುಗೆಮನೆಯಲ್ಲಿ ಗ್ರಾಂ ಲೆಕ್ಕ

ಮೈದಾ 250 ಗ್ರಾಂ, ಬೆಣ್ಣೆ 100 ಗ್ರಾಂ, ಸಕ್ಕರೆ 25 ಗ್ರಾಂ, ಉಪ್ಪು 6 ಗ್ರಾಂ, ಅಡುಗೆ ಸೋಡಾ 2 ಗ್ರಾಂ. ಖಾರಾ ಬಿಸ್ಕತ್ತಿಗೆ ನಾನು ಬರೆದಿಟ್ಟುಕೊಂಡ ಅಳತೆ ಇದು, ಹಸಿಮೆಣಸು, ಕೊತ್ತಂಬರಿ ಬೇರೆ. ಮೊದಲ ಸಲ ಮಾಡಿದಾಗ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಎರಡು ಗ್ರಾಂ ಅಂದರೆ ಒಂದು ಚಮಚ ಇರಬಹುದು ಅಂದುಕೊಂಡು ಸೋಡಾ ಹಾಕಿಬಿಟ್ಟೆ. ಬಿಸ್ಕತ್ತು ಬೇಗ ಕಪ್ಪಾಯಿತು. ಬಾಯಿಗಿಟ್ಟರೆ ಸೋಪಿನ ರುಚಿ. ಅಷ್ಟು ಬೆಣ್ಣೆ ದಂಡವಾಯಿತಲ್ಲ ಅಂತ ತುಂಬಾ ಬೇಜಾರಾಯಿತು.

ಮೊದಲು ನಿಮ್ಮ ಚಮಚವನ್ನೇ ಅಳೆಯಿರಿ. ಟೀ ಚಮಚ ಅಂದರೆ 5 ಮಿ.ಲೀ., ಟೇಬಲ್ ಚಮಚ ಅಂದರೆ 15 ಮಿ.ಲೀ. ಮನೆಯ ಸ್ಟೀಲ್ ಚಮಚಗಳು ಹೀಗೇ ಇರುತ್ತವೆ ಅನ್ನುವ ಹಾಗಿಲ್ಲ. ಮಕ್ಕಳ ಸಿರಪ್ ಬಾಟಲಿ ಜೊತೆ ಗೆರೆ ಹಾಕಿದ ಪುಟ್ಟ ಮುಚ್ಚಳ ಬರುತ್ತದಲ್ವಾ? ಅದನ್ನು ಚೆನ್ನಾಗಿ ತೊಳೆದು, 5ರ ಗೆರೆವರೆಗೆ ನೀರು ತುಂಬಿ ಚಮಚಕ್ಕೆ ಸುರಿಯಿರಿ. ಅಂಚಿಗೆ ಸರಿಯಾಗಿ ನಿಂತರೆ ಅದೇ ನಿಮ್ಮ ಟೀ ಚಮಚ. ಅದನ್ನು ಅಳತೆಗೆಂದೇ ಬೇರೆ ಇಡಿ. ಅಂಥ ಮೂರು ಸೇರಿದರೆ ಒಂದು ಟೇಬಲ್ ಚಮಚ.

ಆಮೇಲೆ ತುಂಬುವ ರೀತಿ. ಪುಡಿಯನ್ನು ತುಂಬಿಕೊಂಡು, ಚಾಕುವಿನ ಬೆನ್ನಿನಿಂದ ಮೇಲೆ ಗೀರಿ ಸಮ ಮಾಡಿ. ಗುಡ್ಡೆ ಹಾಗೇ ಬಿಟ್ಟರೆ ಒಂದೂವರೆ ಚಮಚವೂ ಆಗಬಹುದು, ಎರಡೂ ಆಗಬಹುದು. ಮೈದಾವನ್ನು ಮಾತ್ರ ಮೊದಲು ಕೆದಕಿ ಸಡಿಲ ಮಾಡಿ. ಡಬ್ಬದಲ್ಲಿ ಒತ್ತಿ ಕೂತ ಹಿಟ್ಟು ಅದೇ ಚಮಚದಲ್ಲಿ ಜಾಸ್ತಿ ತೂಗುತ್ತದೆ.

ಚಮಚ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಹಾಗಾಗಿ ಎಲ್ಲಕ್ಕೂ ಒಂದೇ ಲೆಕ್ಕ ಹೊಂದುವುದಿಲ್ಲ. ಒಂದು ಟೇಬಲ್ ಚಮಚ ನೀರು 15 ಗ್ರಾಂ ಇದ್ದರೆ, ಜೇನುತುಪ್ಪ ಸುಮಾರು 21 ಗ್ರಾಂ, ಎಣ್ಣೆ ಮತ್ತು ತುಪ್ಪ 13–14, ಸಕ್ಕರೆ 12–13, ಮೈದಾ ಬರೀ 8. ಪುಡಿ ಉಪ್ಪು ಒಂದು ಟೀ ಚಮಚಕ್ಕೇ 6 ಗ್ರಾಂ ತೂಗುತ್ತದೆ. ಕಲ್ಲುಪ್ಪನ್ನು ಹತ್ತಿರದಿಂದ ನೋಡಿ, ಹರಳುಗಳ ಮಧ್ಯೆ ಎಷ್ಟೊಂದು ಸಂದು! ಅಷ್ಟೂ ಗಾಳಿ. ಅದಕ್ಕೇ ಅದೇ ಚಮಚದಲ್ಲಿ ಅದರ ತೂಕ ಕಮ್ಮಿ. ಉಪ್ಪಿನಕಾಯಿಗೆ ಮಾತ್ರ ಚಮಚ ನಂಬಬೇಡಿ. ಅಲ್ಲಿ ಉಪ್ಪು ಕಮ್ಮಿಯಾದರೆ ಕಾಯಿ ಕೆಡುತ್ತದೆ, ಅಂಗಡಿಯಲ್ಲಿ ತೂಗಿಸಿಕೊಂಡೇ ತನ್ನಿ.

ಉಳಿದ ಪುಡಿಗಳಿಗೆ ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. 100 ಗ್ರಾಂ ಖಾರದ ಪುಡಿ ಪೊಟ್ಟಣ ಒಡೆದು ಡಬ್ಬಕ್ಕೆ ಹಾಕುವಾಗ ಸುಮ್ನೆ ಸುರಿಯಬೇಡಿ. ಸಮ ಮಾಡಿದ ಟೀ ಚಮಚದಲ್ಲಿ ಎಣಿಸುತ್ತಾ ಹಾಕಿ. 40 ಚಮಚ ಬಂದರೆ ಒಂದಕ್ಕೆ ಎರಡೂವರೆ ಗ್ರಾಂ. ಅದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ. ಧನಿಯಾ ಪುಡಿ, ಚಿರೋಟಿ ರವೆ, ಎಲ್ಲಕ್ಕೂ ಹೀಗೇ ಮಾಡಬಹುದು. ನಿಮ್ಮ ಚಮಚ, ನಿಮ್ಮ ಪುಡಿ, ಇದಕ್ಕಿಂತ ನಂಬಿಕೆಯ ಲೆಕ್ಕ ಬೇರೆ ಸಿಗುವುದಿಲ್ಲ.

ಈಗ ಬಿಸ್ಕತ್ತಿಗೆ ಬರೋಣ. ಸಕ್ಕರೆ ಎರಡು ಟೇಬಲ್ ಚಮಚ. ಉಪ್ಪು ಒಂದು ಟೀ ಚಮಚ. ಬೆಣ್ಣೆಗೆ ಚಮಚವೇ ಬೇಡ, 200 ಗ್ರಾಂ ಗಟ್ಟಿಯನ್ನು ಮಧ್ಯಕ್ಕೆ ಕತ್ತರಿಸಿದರೆ ಆಯಿತು. ಮೈದಾ 31 ಟೇಬಲ್ ಚಮಚ ಆಗುತ್ತದೆ, ಎಣಿಸುವಾಗ ಲೆಕ್ಕ ತಪ್ಪುತ್ತದೆ. ಅರ್ಧ ಕೆ.ಜಿ. ಪೊಟ್ಟಣ ತಂದು ಎರಡು ಒಂದೇ ಥರದ ಡಬ್ಬಗಳಿಗೆ ಸಮವಾಗಿ ಹಂಚಿ, ಒಂದನ್ನು ಬಳಸಿ. ಇನ್ನು ಸೋಡಾ. ಒಂದು ಟೀ ಚಮಚ ಸುಮಾರು 5 ಗ್ರಾಂ. ಸಮ ಮಾಡಿದ ಚಮಚದ ಮಧ್ಯೆ ಚಾಕುವಿನಿಂದ ಉದ್ದಕ್ಕೆ ಗೆರೆ ಎಳೆದು, ಅರ್ಧ ವಾಪಸ್ ಡಬ್ಬಕ್ಕೆ ತಳ್ಳಿ. ಉಳಿದದ್ದರಲ್ಲಿ ಇನ್ನೊಂದು ಚಿಟಿಕೆ ತೆಗೆಯಿರಿ. ಅಷ್ಟು ಸಾಕು.