ಗಾಡಿಯೇ ಮನೆ, ಬಂಡೆಯೇ ಅಂಗಳ: ಬೆಂಗಳೂರಿನಿಂದ ಬಾದಾಮಿವರೆಗೆ ಎಂಟು ದಿನ

ಮನೆ ಥರ ಮಾಡಿದ ವ್ಯಾನ್‌ನಲ್ಲಿ ಟ್ರಿಪ್ ಅಂದ ಕೂಡಲೇ ಬೆಂಗಳೂರಿನವರ ಬಾಯಿಗೆ ಬರುವುದು ಚಿಕ್ಕಮಗಳೂರು, ಇಲ್ಲಾಂದ್ರೆ ಕೊಡಗು. ನಾನಂತೂ ಮೊದಲ ಸಲಕ್ಕೆ ಎರಡೂ ಬೇಡ ಅನ್ನುತ್ತೇನೆ. ಘಾಟಿ ತಿರುವಿನಲ್ಲಿ ಎದುರಿಗೆ ಬಸ್ ಬಂದರೆ, ತಲೆ ಮೇಲೆ ಏಸಿ, ಬೆನ್ನಿಗೆ ನಾಲ್ಕು ಸೈಕಲ್ ಹೊತ್ತ ಗಾಡಿಯನ್ನು ರಿವರ್ಸ್ ತೆಗೆಯುವುದು ರಜೆಯಲ್ಲಿ ಮಾಡುವ ಕೆಲಸವಲ್ಲ. ಬಯಲುಸೀಮೆ ಕಡೆ ಹೊರಡಿ. ರಸ್ತೆ ನೇರ, ಮಳೆ ಕಮ್ಮಿ. ನಡೆಯಲು ಬೆಟ್ಟ, ಹತ್ತಲು ಬಂಡೆ, ಸೈಕಲ್‌ಗೆ ಕಾಲುದಾರಿ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ಬೆಂಗಳೂರು, ಚಿತ್ರದುರ್ಗ, ಆನೆಗೊಂದಿ, ಬಾದಾಮಿ. ಎಂಟು ದಿನ ಇಟ್ಟುಕೊಳ್ಳಿ, ನವೆಂಬರ್‌ನಿಂದ ಫೆಬ್ರುವರಿ ಒಳಗೆ. ಮಾರ್ಚ್ ಬಂತೆಂದರೆ ಅಲ್ಲಿನ ಬಂಡೆ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ.

ಮೊದಲು ಗಾಡಿ

ಬಾಡಿಗೆಗೆ ತೆಗೆದುಕೊಳ್ಳಿ. ಹಳೇ ಟೆಂಪೊ ಟ್ರಾವೆಲರ್ (ಟಿಟಿ) ಕೊಂಡು, ಪರಿಚಯದ ಬಡಗಿ ಕೈಯಲ್ಲಿ ಮಂಚ, ಕಪಾಟು ಮಾಡಿಸಿಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಥರ ಗಾಡಿಯನ್ನು ಮನಬಂದಂತೆ ಬದಲಾಯಿಸುವ ಹಾಗಿಲ್ಲ. ಏನಾದರೂ ಆದರೆ ಇನ್ಶೂರೆನ್ಸ್‌ನವರ ಮೊದಲ ಪ್ರಶ್ನೆಯೂ ಇದೇ. ಲೈಸೆನ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ಗಾಡಿ ಕೈಗೆ ಬಂದ ದಿನವೇ ಅಳತೆ ಪಟ್ಟಿ ತೆಗೆದು ಎತ್ತರ ಅಳೆಯಿರಿ. ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಸ್ಟೇರಿಂಗ್ ಹಿಂದೆ ಅಂಟಿಸಿ. ನಮ್ಮದು 3.1 ಮೀಟರ್ ಇತ್ತು. ಬೆಂಗಳೂರಿನ ರೈಲ್ವೆ ಕೆಳಸೇತುವೆಗಳಿಗೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗೂ ಹಾಕಿರುವ ಕಬ್ಬಿಣದ ಅಡ್ಡಪಟ್ಟಿ ದಿನವೂ ಕಾರು ಓಡಿಸುವವರ ಕಣ್ಣಿಗೆ ಬೀಳುವುದೇ ಇಲ್ಲ.

ಕರೆಂಟ್ ಲೆಕ್ಕವನ್ನೂ ಮೊದಲೇ ಹಾಕಿ. 12 ವೋಲ್ಟ್‌ನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,200 ವ್ಯಾಟ್-ಅವರ್. ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಬೇಗ ಹಾಳಾಗುತ್ತದೆ. ದೀಪ, ಫ್ಯಾನ್, ಮೊಬೈಲ್ ಚಾರ್ಜಿಂಗ್, ಚಿಕ್ಕ ಫ್ರಿಜ್‌ಗೆ ಒಂದು ರಾತ್ರಿ ಸಾಲುತ್ತದೆ. ಏಸಿ ಹಾಕಿದರೆ ಗಂಟೆಯೊಳಗೆ ಖಾಲಿ. ಹೊರಗಿನ ಪ್ಲಗ್ ಸಿಗುವ ಕಡೆ ಮಾತ್ರ ಏಸಿ ಅಂದುಕೊಂಡುಬಿಡಿ. ನೀರಿಗೂ ತೂಕ ಇದೆ. 100 ಲೀಟರ್ ಟ್ಯಾಂಕ್ ತುಂಬಿದರೆ 100 ಕೆ.ಜಿ., ಬ್ರೇಕ್ ಹಾಕಿದಾಗ ಗೊತ್ತಾಗುತ್ತದೆ. ಅಡುಗೆಗೆ 5 ಕೆ.ಜಿ. ಸಿಲಿಂಡರ್ ಸಾಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಕಿಟಕಿ ತೆರೆದಿದ್ದರೆ ಸಾಲದು. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇದೆಯೇ ಎಂದು ಬಗ್ಗಿ ನೋಡಿ. ಚಳಿಗೆ ಸ್ಟವ್ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ.

ತುಂಬುವ ಕೆಲಸ

ಮೂರು ಆಟಗಳ ಸಾಮಾನು ಒಂದೇ ಗಾಡಿಯಲ್ಲಿದ್ದರೆ ಅವು ಒಂದಕ್ಕೊಂದು ವೈರಿಗಳು. ಹಗ್ಗದಿಂದ ಶುರು ಮಾಡೋಣ. ಹತ್ತುವ ಹಗ್ಗ ನೈಲಾನ್‌ದು. ಬ್ಯಾಟರಿ ಆ್ಯಸಿಡ್ ತಾಗಿದರೆ, ಅದರ ಹಬೆ ಸೋಕಿದರೂ ಸಾಕು, ನೂಲು ಒಳಗೇ ಸಾಯುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ, ಅದೇ ಭಯ. ಸೀಟಿನ ಕೆಳಗೆ ಖಾಲಿ ಜಾಗ ಇದೆಯಲ್ಲ ಎಂದು ಬ್ಯಾಟರಿ ಪಕ್ಕ ಹಗ್ಗ ತುರುಕಬೇಡಿ. ಸೊಂಟಕ್ಕೆ ಕಟ್ಟುವ ಹಾರ್ನೆಸ್, ಪಟ್ಟಿಯಂಥ ಸ್ಲಿಂಗ್‌ಗಳಿಗೂ ಇದೇ ಮಾತು. ಬಟ್ಟೆ ಬ್ಯಾಗಿನೊಳಗೆ ಹಾಕಿ ಮಲಗುವ ಮಂಚದ ತಲೆ ಕಡೆ ಇಡಿ. ಸೈಕಲ್ ಚೈನ್ ಎಣ್ಣೆಯನ್ನು ಬಕೆಟ್‌ನಲ್ಲಿ, ಹತ್ತುವಾಗ ಕೈ ಬೆವರಿ ಜಾರದಂತೆ ಹಚ್ಚುವ ಚಾಕ್ ಪುಡಿಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ. ಫ್ಯಾನ್ ಎದುರು ಚಾಕ್ ಚೀಲ ಬಿಚ್ಚಿದರೆ ರಾತ್ರಿಯ ಅನ್ನಕ್ಕೂ ಅದೇ ಪುಡಿ.

ಸೈಕಲ್‌ಗಳನ್ನು ಹಿಂದೆ ಕಟ್ಟಿದ ಮೇಲೆ ಬಗ್ಗಿ ಸೈಲೆನ್ಸರ್ ನೋಡಿ. ನಾವು ನೋಡಿರಲಿಲ್ಲ. ತುಮಕೂರು ದಾಟಿ ಸ್ವಲ್ಪ ಹೊತ್ತಿಗೆ ಸುಟ್ಟ ರಬ್ಬರ್ ವಾಸನೆ ಬಂತು. ಕ್ಲಚ್ ಹೋಯಿತು ಅಂತ ನಾನು, ವೈರಿಂಗ್ ಅಂತ ನನ್ನ ಅಕ್ಕನ ಮಗ. ಇಳಿದು ನೋಡಿದರೆ ಕೆಳಗಿನ ಸೈಕಲ್‌ನ ಚಕ್ರ ಸರಿಯಾಗಿ ಹೊಗೆ ಕೊಳವೆ ಬಾಯಿಗೆ ನಿಂತಿತ್ತು. ಟೈರಿನ ಒಂದು ಗೇಣು ಉದ್ದ ಬೆಲ್ಲದ ಪಾಕದ ಹಾಗೆ ಇಳಿದಿತ್ತು. "ಮಾಮಾ, ಕ್ಲಚ್ ಸರಿಯಾಗೇ ಇದೆ" ಅಂದ. ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಿದ್ದರೆ ದಂಡ ಬೀಳುವುದು ಬೇರೆ.

ಕಪಾಟಿನ ಬಾಗಿಲಿಗೆ ಚಿಲಕ ಇದ್ದರೂ ಮೇಲೊಂದು ಬೆಲ್ಟ್ ಕಟ್ಟಿ. ನಮ್ಮೂರ ಹಂಪುಗಳು ಹೇಳಿ ಬರುವುದಿಲ್ಲ.

ಕಲಿತು ಹೋಗಿ

ಬಂಡೆ ಹತ್ತುವುದನ್ನು ವೀಡಿಯೊ ನೋಡಿ ಕಲಿಯಲಾಗದು. ಕಂಠೀರವ ಕ್ರೀಡಾಂಗಣದಲ್ಲಿ ಹತ್ತುವ ಗೋಡೆ ಇದೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿ ಕೊಡುತ್ತದೆ. ಗಂಟು ಹಾಕುವುದು, ಕೆಳಗೆ ನಿಂತು ಇನ್ನೊಬ್ಬರ ಹಗ್ಗ ಹಿಡಿಯುವ ಬಿಲೇ, ಇವೆರಡು ಕೈಗೆ ಹತ್ತಿದ ಮೇಲೆ ಒಂದು ಭಾನುವಾರ ಗೊತ್ತಿರುವವರ ಜೊತೆ ರಾಮನಗರಕ್ಕೆ ಹೋಗಿ, 50 ಕಿ.ಮೀ. ಅಷ್ಟೇ. ರಾಮದೇವರ ಬೆಟ್ಟದ ಕಡೆ ಹಗ್ಗ ಬಿಚ್ಚಬೇಡಿ, ಅದು 2012ರಿಂದ ರಣಹದ್ದು ಧಾಮ. ಬೇರೆ ಬಂಡೆಗಳಲ್ಲೂ ಮೊದಲು ತಲೆ ಎತ್ತಿ ಹೆಜ್ಜೇನು ಹಟ್ಟಿ ಇದೆಯಾ ನೋಡಿ. ಇದ್ದರೆ ಅವತ್ತಿಗೆ ಆ ಬಂಡೆ ನಿಮ್ಮದಲ್ಲ. ಹೊಗೆ, ಸೆಂಟು, ಕೂಗಾಟ ಮೂರೂ ಬೇಡ. ಹಗ್ಗದಲ್ಲಿ ನೇತಾಡುವವನಿಗೆ ಓಡಲು ಜಾಗ ಇರುವುದಿಲ್ಲ ಅಲ್ವಾ?

ಹೊರಡುವ ದಿನ

ಬೆಳಗ್ಗೆ ಐದೂವರೆಗೆ ತುಮಕೂರು ರಸ್ತೆ ಹಿಡಿಯಿರಿ. ಶಿರಾ, ಹಿರಿಯೂರು ದಾಟಿ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ. ಅವತ್ತಿಗೆ ಅಷ್ಟೇ ಸಾಕು. ಸಂಜೆ ಏಳುಸುತ್ತಿನ ಕೋಟೆ ನಡೆಯಿರಿ, ಕಾಲು ಪಳಗುತ್ತದೆ. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಹಗ್ಗವಿಲ್ಲದೆ ಗೋಡೆ ಹತ್ತಿದ್ದು ಇಲ್ಲೇ. ನೋಡಿ ಬೆರಗಾಗಿ, ಅನುಸರಿಸಬೇಡಿ.

ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಸುಗ್ಗಿ ಕಾಲದಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ಹಿಂದಿನ ದೀಪವಿಲ್ಲದೆ ಸಾಗುತ್ತವೆ. ಹಗಲಲ್ಲಿ ಬೇರೆ ಕಥೆ. ಹಳ್ಳಿ ರಸ್ತೆ ಮೇಲೇ ಒಕ್ಕಣೆ ನಡೆಯುತ್ತದೆ. ರಾಗಿ ಹುಲ್ಲಾದರೆ ನಿಧಾನವಾಗಿ ದಾಟಿ. ಹುರುಳಿ ಬಳ್ಳಿಯಾದರೆ ದಾಟಿದ ಮೇಲೆ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ. ಅದು ಆ್ಯಕ್ಸಲ್‌ಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್ ತಾಗಿ ಗಾಡಿಗಳಿಗೆ ಬೆಂಕಿ ಹತ್ತಿದ್ದುಂಟು. ನಿಮ್ಮ ಗಾಡಿಯೊಳಗೆ ಗ್ಯಾಸ್ ಇದೆ ಅನ್ನುವುದು ನೆನಪಿರಲಿ.

ಆನೆಗೊಂದಿ: ಗುಂಡು, ಗದ್ದೆ, ಮುಳ್ಳು

ಎರಡನೇ ದಿನ ಹೊಸಪೇಟೆ ಮೇಲೆ ಆನೆಗೊಂದಿಗೆ, ತುಂಗಭದ್ರೆಯಲ್ಲಿ ಹಂಪಿಯ ಎದುರು ದಡದ ಊರು. ಹಂಪಿ ಕಡೆಯ ದೋಣಿ ಜನರನ್ನು ದಾಟಿಸುತ್ತದೆ, ಟಿಟಿಯನ್ನಲ್ಲ. ಕಡೇಬಾಗಿಲು ಸೇತುವೆ ಸುತ್ತಿ ಬನ್ನಿ. ಇಲ್ಲಿ ಮೂರು ದಿನ ಇರಿ. ಹೋಂಸ್ಟೇಯೊಂದರ ಅಂಗಳದಲ್ಲಿ ಗಾಡಿ ನಿಲ್ಲಿಸಲು ಕೇಳಿ, ಜೊತೆಗೆ ಒಂದೇ ಒಂದು ರೂಮ್ ಹಿಡಿಯಿರಿ. ಸ್ನಾನ, ಶೌಚ, ಪ್ಲಗ್ ಎಲ್ಲಕ್ಕೂ ಅದೇ ಪರಿಹಾರ. ಗಾಡಿಯ ಟಾಯ್ಲೆಟ್ ಡಬ್ಬಿಯನ್ನು ಕಾಲುವೆಗೆ, ಹೊಲಕ್ಕೆ ಸುರಿಯುವವರನ್ನು ಕಂಡಿದ್ದೇನೆ. ಅಂಥವರಿಂದಲೇ ಮುಂದೆ ಬರುವ ಗಾಡಿಗಳಿಗೆ ಊರೊಳಗೆ ಜಾಗ ಸಿಗುವುದಿಲ್ಲ. ಸಾಣಾಪುರದ ಕೆರೆ, ಕಾಲುವೆ ದಂಡೆ ಚೆಂದ ಇದೆ ಎಂದು ರಾತ್ರಿ ಅಲ್ಲೇ ಉಳಿಯಬೇಡಿ. ಒಂಟಿ ಜಾಗ, ಸುತ್ತಲ ಗುಡ್ಡಗಳಲ್ಲಿ ಚಿರತೆ, ಕರಡಿ ಕೂಡ ಇವೆ.

ಇಲ್ಲಿನ ಆಟ ಬೋಲ್ಡರಿಂಗ್. ಹಗ್ಗವಿಲ್ಲ, ಎರಡಾಳು ಎತ್ತರದ ಗುಂಡುಕಲ್ಲು, ಕೆಳಗೆ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಹಾಸಿಗೆ, ಬೀಳುವವರ ತಲೆ, ಬೆನ್ನು ಕಾಯಲು ಕೈ ಚಾಚಿ ನಿಲ್ಲುವ ಒಬ್ಬರು. ಗ್ರಾನೈಟ್‌ನ ಹರಳು ಮರಳು ಕಾಗದ ಇದ್ದಂತೆ. ಮೊದಲ ದಿನ ಏನೂ ಅನಿಸುವುದಿಲ್ಲ. ಮರುದಿನ ಇಡ್ಲಿಯನ್ನು ಖಾರದ ಚಟ್ನಿಗೆ ಅದ್ದಿದಾಗ ಬೆರಳ ತುದಿ ಎಲ್ಲಾ ಹೇಳುತ್ತದೆ. ಅದಕ್ಕೇ ಒಂದು ದಿನ ಬಂಡೆ, ಮರುದಿನ ಸೈಕಲ್, ಇದು ನನ್ನ ಲೆಕ್ಕ. ಸ್ಮಾರಕದ ಕಲ್ಲಿಗೆ ಮಾತ್ರ ಕೈ ಹಚ್ಚಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಸೈಕಲ್‌ಗೆ ಭತ್ತದ ಗದ್ದೆ, ಬಾಳೆ ತೋಟದ ನಡುವಿನ ಮಣ್ಣುದಾರಿ ಬೇಕಾದಷ್ಟಿವೆ. ಶತ್ರು ಒಂದೇ, ಬಳ್ಳಾರಿ ಜಾಲಿ. ಅದರ ಮುಳ್ಳು ದಪ್ಪ ಟೈರನ್ನೂ ಸೀಳಿ ಒಳಗೆ ಹೋಗುತ್ತದೆ. ಟ್ಯೂಬ್‌ಲೆಸ್ ಮಾಡಿಸಿ, ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕಿಸಿಕೊಂಡು ಬನ್ನಿ. ಟ್ಯೂಬ್ ಇರುವ ಸೈಕಲ್ ಆದರೆ ತಲೆಗೆ ಎರಡು ಟ್ಯೂಬ್ ಜಾಸ್ತಿ ಇಟ್ಟುಕೊಳ್ಳಿ. ಪಂಕ್ಚರ್ ತಿದ್ದಿದ ಮೇಲೆ ಟೈರಿನ ಒಳಮೈ ಮೇಲೆ ನಿಧಾನವಾಗಿ ಬೆರಳಾಡಿಸಿ, ಮುರಿದ ಮೊನೆ ಅಲ್ಲೇ ಉಳಿದಿರುತ್ತದೆ. ನಡೆಯುವವರಿಗೆ ಅಂಜನಾದ್ರಿಯ 575 ಮೆಟ್ಟಿಲು, ನದಿಯಾಚೆ ಮಾತಂಗ ಬೆಟ್ಟ.

ಬಾದಾಮಿ

ಐದನೇ ದಿನ ಸುಮಾರು 150 ಕಿ.ಮೀ. ಓಡಿಸಿದರೆ ಕಲ್ಲಿನ ಬಣ್ಣವೇ ಬೇರೆ. ಇದು ಕೆಂಪು ಮರಳುಗಲ್ಲು. ಹಿಡಿತಗಳು ದೊಡ್ಡವು, ಗೋಡೆಗಳು ಮೈ ಮೇಲೆ ವಾಲಿದ ಹಾಗಿವೆ. ಬಂಡೆಗೆ ಬೋಲ್ಟ್ ಹೊಡೆದ ದಾರಿಗಳಿವೆ, 60 ಮೀಟರ್ ಹಗ್ಗ, ಅದನ್ನು ಬೋಲ್ಟ್‌ಗೆ ಸಿಕ್ಕಿಸುವ ಕ್ವಿಕ್‌ಡ್ರಾ ಎಂಬ ಜೋಡಿ ಕೊಂಡಿ, ಹೆಲ್ಮೆಟ್ ಬೇಕು. ಊರಿನ ಕ್ಲೈಂಬಿಂಗ್ ಹುಡುಗರನ್ನು ಜೊತೆಗೆ ಕರೆದುಕೊಳ್ಳಿ, ಯಾವ ಬೋಲ್ಟ್ ತುಕ್ಕು ಹಿಡಿದಿದೆ ಎಂದು ಅವರಿಗೇ ಗೊತ್ತು. ಮಳೆ ಬಂದಿದ್ದರೆ ಎರಡು ದಿನ ಸುಮ್ನೆ ಇರಿ. ನೆನೆದ ಮರಳುಗಲ್ಲು ಸಡಿಲ, ಹಿಡಿದದ್ದು ಕೈಗೇ ಕಿತ್ತು ಬರುತ್ತದೆ. ಆ ಎರಡು ದಿನ ಬೆಟ್ಟದ ಮೇಲಿನ ಹಳೇ ದಾರಿಯಲ್ಲಿ ಮಹಾಕೂಟಕ್ಕೆ ನಡೆಯಿರಿ, ಪಟ್ಟದಕಲ್ಲಿಗೆ ಸೈಕಲ್ ತುಳಿಯಿರಿ. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹೊಡೆದ ಮೇಲೆ ನಾಲ್ಕು ಗಂಟೆವರೆಗೆ ಯಾರೂ ಬಂಡೆ ಸುದ್ದಿ ಎತ್ತುವುದಿಲ್ಲ.

ಗಾಡಿ ಬಿಟ್ಟು ಹೋಗುವಾಗ ಕಿಟಕಿ, ಮೇಲಿನ ಗಾಳಿಗಂಡಿ ಎರಡನ್ನೂ ಮುಚ್ಚಿ. ನಾವು ಗಾಳಿಗಂಡಿ ನಾಲ್ಕು ಬೆರಳು ತೆರೆದಿದ್ದೆವು. ವಾಪಸ್ ಬಂದಾಗ ಚುರುಮುರಿ ಡಬ್ಬಿ ತೆರೆದಿತ್ತು, ಹಾಸಿಗೆ ಮೇಲೆ ಪುಟ್ಟ ಕೈ ಗುರುತುಗಳಿದ್ದವು, ಕೋತಿ ಮಾತ್ರ ಇರಲಿಲ್ಲ.

ವಾಪಸ್

ಬಾದಾಮಿಯಿಂದ ಬೆಂಗಳೂರು 450 ಕಿ.ಮೀ. ಮೇಲೆ, ಒಂದೇ ದಿನಕ್ಕೆ ಬೇಡ. ಏಳನೇ ರಾತ್ರಿ ಮತ್ತೆ ಚಿತ್ರದುರ್ಗ, ಮರುದಿನ ಊಟದ ಹೊತ್ತಿಗೆ ನೆಲಮಂಗಲ. ಗಾಡಿ ಒಪ್ಪಿಸುವ ಮೊದಲು ನೀರಿನ ಟ್ಯಾಂಕ್, ಟಾಯ್ಲೆಟ್ ಡಬ್ಬಿ ತೊಳೆಯಿರಿ. ಹಗ್ಗವನ್ನು ಬಿಸಿಲಿಗಲ್ಲ, ನೆರಳಿಗೆ ಹರಡಿ, ಇಡೀ ಉದ್ದ ಕೈಯಲ್ಲಿ ಜಾರಿಸುತ್ತಾ ಎಲ್ಲಾದರೂ ಮೆತ್ತಗಾಗಿದೆಯಾ ನೋಡಿ. ಮೆತ್ತಗಿದ್ದ ಹಗ್ಗ ಬಟ್ಟೆ ಒಣಗಿಸಲು ಆದೀತು. ಸೈಕಲ್ ಟೈರಿನಲ್ಲಿ ಉಳಿದ ಜಾಲಿ ಮುಳ್ಳನ್ನು ಈಗಲೇ ಕೀಳಬೇಡಿ, ಪಂಪ್ ಪಕ್ಕಕ್ಕೆ ಇಟ್ಟುಕೊಂಡ ಮೇಲೆ ಕೀಳಿ.