ಮನೆ ಮುಂದಿನ ಕಾರಿಗೆ ಕಾವಲು

ಹೊಸ ಕಾರು ಮನೆಗೆ ಬಂದ ದಿನ ಶೋರೂಮಿನವರು ಎರಡು ಕೀ ಕೊಡುತ್ತಾರೆ. ಒಂದು ಜೇಬಿಗೆ ಹೋಗುತ್ತದೆ. ಇನ್ನೊಂದು ಎಲ್ಲಿದೆ ಅಂತ ಆರು ತಿಂಗಳ ಮೇಲೆ ಕೇಳಿ ನೋಡಿ, ಎಷ್ಟೋ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ, ನೆಂಟರಲ್ಲಿ ಕಾರು ಕಳೆದುಕೊಂಡವರನ್ನು ನೋಡಿದ್ದೇನೆ. ಗಾಜು ಒಡೆದು, ವೈರು ಕಿತ್ತು ಒಯ್ದದ್ದು ಕಡಿಮೆ. ಕೀ ಕೈತಪ್ಪಿ ಹೋದದ್ದೇ ಜಾಸ್ತಿ. ಹಾಗಾಗಿ ಮೊದಲು ಕೀ ವಿಷಯ ಹೇಳಿಬಿಡುತ್ತೇನೆ. ಗೇರ್ ಲಾಕು, ಜಿಪಿಎಸ್ಸು ಎಲ್ಲ ಆಮೇಲೆ.

ಈಗಿನ ಕಾರುಗಳ ಕೀ ಒಳಗೆ ಸಣ್ಣದೊಂದು ಚಿಪ್ ಇರುತ್ತದೆ. ಕಾರಿನ ಕಂಪ್ಯೂಟರು ಆ ಚಿಪ್ಪಿನ ಗುರುತು ಹಿಡಿದರೆ ಮಾತ್ರ ಎಂಜಿನ್ ಸ್ಟಾರ್ಟ್ ಆಗುತ್ತದೆ. ಇದನ್ನೇ ಇಮೊಬಿಲೈಸರ್ ಅನ್ನುತ್ತಾರೆ. ಹಳೇ ಮಾರುತಿ 800 ಕಾರುಗಳಲ್ಲಿ ಇದು ಇರಲಿಲ್ಲ. ಬೀಗ ಸವೆದಿದ್ದರೆ ಬೇರೆ ಕಾರಿನ ಕೀ ತೂರಿಸಿ ಅಲ್ಲಾಡಿಸಿದರೂ ಬಾಗಿಲು ತೆರೆಯುತ್ತಿತ್ತು. ಈಗ ಅಷ್ಟು ಸುಲಭವಿಲ್ಲ. ಅದಕ್ಕೇ ಕಳ್ಳರ ಕಣ್ಣು ಅಸಲಿ ಕೀ ಮೇಲೆ ಬಿದ್ದಿದೆ. ಒಮ್ಮೆ ಅದು ಕೈಗೆ ಸಿಕ್ಕರೆ, ಮೆಷಿನ್ ಇಟ್ಟುಕೊಂಡವರು ಸ್ವಲ್ಪ ಹೊತ್ತಿನಲ್ಲೇ ಅದರ ನಕಲು ಮಾಡಿಬಿಡುತ್ತಾರೆ.

ನಿಮ್ಮ ಕೀ ಯಾರ್ಯಾರ ಕೈಗೆ ಹೋಗುತ್ತದೆ ಅಂತ ಒಮ್ಮೆ ಕೂತು ಯೋಚಿಸಿ. ವಾಟರ್ ವಾಶ್ ಹುಡುಗ, ಗ್ಯಾರೇಜು, ಹೋಟೆಲಿನಲ್ಲಿ ಕಾರು ಒಯ್ದು ನಿಲ್ಲಿಸುವ ವ್ಯಾಲೆ, ಒಂದು ದಿನದ ಮಟ್ಟಿಗೆ ಕರೆಸಿದ ಡ್ರೈವರು, ಅಪಾರ್ಟ್‌ಮೆಂಟಿನಲ್ಲಿ ಕಾರು ಸರಿಸಿ ನಿಲ್ಲಿಸುವ ಕಾವಲಿನವರು. ಇವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಬೆಳಗಿನಿಂದ ಸಂಜೆವರೆಗೆ ಬೆವರು ಸುರಿಸಿ ದುಡಿಯುವ ಜನ ಅವರು. ಆದರೆ ಕೀ ಅವರ ಹತ್ತಿರ ಇರುವಾಗ ಇನ್ಯಾರ ಕಣ್ಣಿಗೆ ಬೀಳುತ್ತದೋ ನಮಗೆ ತಿಳಿಯದು. ಕೊಡುವ ಮುಂಚೆ ಗೊಂಚಲಿನಿಂದ ಮನೆ ಕೀ ಬಿಚ್ಚಿಕೊಳ್ಳಿ. ಹೆಸರು, ವಿಳಾಸ ಬರೆದ ಚೀಟಿ ಅದರಲ್ಲಿ ಇರಲೇಬಾರದು. ಸಾಧ್ಯವಿದ್ದರೆ ನಿಂತು ಕೆಲಸ ಮಾಡಿಸಿ. ಗ್ಯಾರೇಜಿನಲ್ಲಿ ಬಿಟ್ಟು ಬರಲೇಬೇಕಾದರೆ ಜಾಬ್ ಕಾರ್ಡಿನಲ್ಲಿ ‘ಕೀ ಒಂದು’ ಅಂತ ಬರೆಸಿ.

ಎರಡನೇ ಕೀ ಬೀರುವಿನಲ್ಲಿ ಇರಲಿ. ಅದನ್ನು ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇಡುವವರು ಇದ್ದಾರೆ! ಗಾಜು ಒಡೆದವನು ಮೊದಲು ಕೈ ಹಾಕುವುದೇ ಅಲ್ಲಿಗೆ. ಇನ್ನೊಂದು ಸಂಗತಿಯೂ ಇದೆ. ಕಾರು ಕಳುವಾದರೆ ವಿಮೆ ಕಂಪನಿ ಎರಡೂ ಕೀ ಕೇಳುತ್ತದೆ. ಒಂದೇ ಕೊಟ್ಟರೆ ಇನ್ನೊಂದು ಎಲ್ಲಿ ಅನ್ನುವ ಪ್ರಶ್ನೆ ಏಳುತ್ತದೆ, ಹಣ ಸಿಗುವುದು ಕಷ್ಟವಾಗುತ್ತದೆ. ಕೀ ಕಳೆದುಹೋದರೆ ನಾಳೆ ನೋಡೋಣ ಅಂತ ಬಿಡಬೇಡಿ. ಶೋರೂಮಿಗೆ ಹೋಗಿ, ಕಳೆದ ಕೀ ಗುರುತನ್ನು ಕಾರಿನ ಕಂಪ್ಯೂಟರಿನಿಂದ ಅಳಿಸಿ ಕೊಡಿ ಅಂತ ಕೇಳಿ. ಸುಮ್ನೆ ಹೊಸ ಕೀ ಮಾಡಿಸಿಕೊಂಡರೆ ಹಳೆಯದೂ ಕೆಲಸ ಮಾಡುತ್ತಲೇ ಇರಬಹುದು. ಪೊಲೀಸರಿಗೂ ಕೀ ಕಳೆದ ಬಗ್ಗೆ ಒಂದು ದೂರು ಕೊಟ್ಟು, ರಸೀದಿ ಎತ್ತಿಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಂತೂ ಹಳೇ ಕೀ ಗುರುತು ಅಳಿಸುವ ಈ ಕೆಲಸ ಮಾಡಿಸಲೇಬೇಕು. ಕಾರು ಮಾರಿ, ನಕಲಿ ಕೀ ಇಟ್ಟುಕೊಂಡು, ಒಳಗೆ ಬಚ್ಚಿಟ್ಟ ಜಿಪಿಎಸ್ಸಿನಿಂದ ಜಾಗ ಪತ್ತೆ ಮಾಡಿ, ಅದೇ ಕಾರನ್ನು ಮತ್ತೆ ಕದ್ದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಕೊಂಡ ವಾರದಲ್ಲೇ ನಂಬಿಕೆಯ ಎಲೆಕ್ಟ್ರಿಷಿಯನ್ ಹತ್ತಿರ ಡ್ಯಾಶ್‌ಬೋರ್ಡಿನ ಕೆಳಗೆ, ಸೀಟಿನ ಅಡಿಯಲ್ಲಿ ಹುಡುಕಿಸಿ, ಕೀ ಹೊಸದಾಗಿ ಕೋಡ್ ಮಾಡಿಸಿ. ದುಡ್ಡು ಕೊಡುವ ಮೊದಲೇ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯಾದ ಎನ್‌ಸಿಆರ್‌ಬಿಯ ‘ವಾಹನ್ ಸಮನ್ವಯ’ ಪುಟದಲ್ಲಿ ಕಾರಿನ ನಂಬರು, ಚಾಸಿ ನಂಬರು, ಎಂಜಿನ್ ನಂಬರು ಹಾಕಿ ನೋಡಿ. ಪೊಲೀಸ್ ದಾಖಲೆಯಲ್ಲಿ ಅದು ಕಳುವಾದ ಗಾಡಿ ಅಂತ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನೀವೇ ಕಾರು ಮಾರುತ್ತಿದ್ದರೆ ಕೊಳ್ಳಲು ಬಂದವನನ್ನು ಟೆಸ್ಟ್ ಡ್ರೈವಿಗೆ ಒಬ್ಬನನ್ನೇ ಕಳಿಸಬೇಡಿ. ಒಳ್ಳೆ ಬಟ್ಟೆ, ಒಳ್ಳೆ ಮಾತು ನೋಡಿ ಕೀ ಕೊಟ್ಟವರು ಕಾರನ್ನು ಮತ್ತೆ ನೋಡಿಲ್ಲ. ಜೊತೆಗೆ ಇಬ್ಬರು ಹೋಗಿ. ಮೊದಲೇ ಅವರ ಲೈಸೆನ್ಸಿನ ಫೋಟೋ ತೆಗೆದುಕೊಳ್ಳಿ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಿಗೆ ಬೇರೆಯೇ ಕಾಟ. ಕೀ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುತ್ತದೆ ಅಲ್ವಾ? ಕೀ ಮತ್ತು ಕಾರು ರೇಡಿಯೋ ಅಲೆಯಲ್ಲಿ ಮಾತಾಡಿಕೊಳ್ಳುವುದರಿಂದ ಹಾಗಾಗುತ್ತದೆ. ಇಬ್ಬರು ಕಳ್ಳರು ಸೇರಿದರೆ ಒಬ್ಬ ಮನೆ ಬಾಗಿಲ ಹತ್ತಿರ ಯಂತ್ರ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಪಕ್ಕ. ಒಳಗೆ ಮೇಜಿನ ಮೇಲಿರುವ ಕೀಯ ಅಲೆಯನ್ನು ಕಾರಿನವರೆಗೆ ಮುಟ್ಟಿಸುತ್ತಾರೆ. ಕೀ ಪಕ್ಕದಲ್ಲೇ ಇದೆ ಅಂತ ಕಾರು ನಂಬಿಬಿಡುತ್ತದೆ. ಹಾಗಾಗಿ ಮುಂಬಾಗಿಲಿನ ಪಕ್ಕದ ಮೊಳೆಗೆ ಕೀ ತೂಗುಹಾಕುವ ಅಭ್ಯಾಸ ಬಿಡಿ. ಅಲೆ ತಡೆಯುವ ಚೀಲ ಸಿಗುತ್ತದೆ, ಅದರಲ್ಲಿಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೂ ಎಷ್ಟೋ ಸಲ ಸಾಕಾಗುತ್ತದೆ, ಆದರೆ ಪರೀಕ್ಷೆ ಮಾಡದೆ ನಂಬಬೇಡಿ. ಕೀ ಡಬ್ಬಿಯಲ್ಲಿ ಹಾಕಿ, ಡಬ್ಬಿ ಹಿಡಿದು ಕಾರಿನ ಪಕ್ಕ ನಿಂತು ಬಾಗಿಲು ಎಳೆಯಿರಿ. ತೆರೆದರೆ ಡಬ್ಬಿ ಬದಲಿಸಿ.

ಸ್ಟೀರಿಂಗ್ ಕೆಳಗೆ, ಡ್ರೈವರನ ಮೊಣಕಾಲ ಹತ್ತಿರ, ಒಂದು ಚಪ್ಪಟೆ ಪ್ಲಗ್ ಇರುತ್ತದೆ. ಒಬಿಡಿ ಪೋರ್ಟ್ ಅಂತ ಕರೆಯುತ್ತಾರೆ. ಮೆಕ್ಯಾನಿಕ್ ಇದಕ್ಕೆ ತನ್ನ ಯಂತ್ರ ಸಿಕ್ಕಿಸಿ ಕಾರಿನ ತೊಂದರೆ ಓದುತ್ತಾನೆ. ಕಳ್ಳನೂ ಇದಕ್ಕೇ ಯಂತ್ರ ಸಿಕ್ಕಿಸಿ ಹೊಸ ಕೀಯನ್ನು ಕಾರಿಗೆ ಪರಿಚಯ ಮಾಡಿಸುತ್ತಾನೆ. ಇದಕ್ಕೆ ಬೀಗವಿರುವ ಮುಚ್ಚಳ ಸಿಗುತ್ತದೆ. ಹಾಕಿಸಿದರೆ ಒಳ್ಳೆಯದು.

ಎಲೆಕ್ಟ್ರಾನಿಕ್ ಬೀಗವನ್ನು ಎಲೆಕ್ಟ್ರಾನಿಕ್ ಯಂತ್ರ ಸೋಲಿಸಬಹುದು. ಕಬ್ಬಿಣವನ್ನು ಅದು ಸೋಲಿಸಲಾರದು. ನನ್ನ ಅಭಿಪ್ರಾಯದಲ್ಲಿ ಸಾಧಾರಣ ಸಂಸಾರದ ಕಾರಿಗೆ ದುಡ್ಡಿಗೆ ತಕ್ಕ ರಕ್ಷಣೆ ಅಂದರೆ ಗೇರ್ ಲಾಕ್. ಗೇರನ್ನು ರಿವರ್ಸಿನಲ್ಲಿ ಹಾಕಿ ಬೀಗ ಒತ್ತಿದರೆ ಎಂಜಿನ್ ಸ್ಟಾರ್ಟ್ ಆದರೂ ಮುಂದೆ ಹೋಗಲಾಗದು. ಆಟೋಮ್ಯಾಟಿಕ್ ಕಾರಿಗೆ ಪಾರ್ಕ್‌ನಲ್ಲಿ ಬೀಗ ಬೀಳುವಂಥದ್ದು ಬೇರೆ ಬರುತ್ತದೆ, ನಿಮ್ಮ ಮಾಡೆಲ್ ಹೇಳಿ ಕೇಳಿ. ಅಗ್ಗದ್ದು ಅಂತ ತೆಳು ತಗಡಿನದನ್ನು ಕೊಳ್ಳಬೇಡಿ. ಕಾರಿನ ನೆಲಕ್ಕೆ ಬೋಲ್ಟ್ ಹಾಕುವಾಗ ವೈರಿಗೆ ಪೆಟ್ಟಾಗದಂತೆ ಕೆಲಸ ಬಲ್ಲವರಿಂದ ಮಾಡಿಸಿ. ಜೊತೆಗೆ ಸ್ಟೀರಿಂಗಿಗೆ ಅಡ್ಡ ಹಾಕುವ ಹಳದಿಯೋ ಕೆಂಪೋ ಬಣ್ಣದ ಕಬ್ಬಿಣದ ದಂಡ ಇದ್ದರೆ ಇನ್ನೂ ವಾಸಿ. ಗರಗಸ ಇದ್ದವನು ಅದನ್ನು ಕತ್ತರಿಸಬಲ್ಲ, ನಿಜ. ಆದರೆ ಕತ್ತರಿಸಲು ಹೊತ್ತು ಬೇಕು, ಸದ್ದಾಗುತ್ತದೆ. ರಾತ್ರಿ ಬೀದಿಗೆ ಬಂದವನಿಗೆ ಬೇಡವಾದದ್ದು ಇವೆರಡೇ. ಹೊರಗಿನಿಂದಲೇ ದಂಡ ಕಂಡರೆ ಅವನು ಪಕ್ಕದ ಕಾರಿನ ಕಡೆ ನೋಡುತ್ತಾನೆ. ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐ ಒಪ್ಪಿಗೆ ಇರುವ ಕಳ್ಳತನ ತಡೆ ಸಾಧನ ಹಾಕಿಸಿದರೆ ವಿಮೆಯ ಓನ್ ಡ್ಯಾಮೇಜ್ ಕಂತಿನಲ್ಲಿ, ಅಂದರೆ ನಮ್ಮದೇ ಕಾರಿನ ನಷ್ಟಕ್ಕೆ ಕಟ್ಟುವ ಭಾಗದಲ್ಲಿ, ಶೇ. 2.5 ರಿಯಾಯಿತಿ ಕೊಡುವ ಪದ್ಧತಿ ಇದೆ. ಹೆಚ್ಚೆಂದರೆ 500 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೂ ರಿನ್ಯೂ ಮಾಡುವಾಗ ಕೇಳಿ.

ಏನೇ ಹಾಕಿಸಿದರೂ ಪ್ರತಿ ಸಲ ಬಳಸಬೇಕು. ಹಾಲು ತರಲು ಎರಡು ನಿಮಿಷ ಇಳಿದಾಗಲೂ ಸರಿ. ಬೇಕರಿ ಮುಂದೆ ಎಂಜಿನ್ ಓಡುತ್ತಿರುವಂತೆಯೇ ಇಳಿದು ಹೋಗುವವರನ್ನು ದಿನಾ ನೋಡುತ್ತೇನೆ. ಕೆಲವರು ಹಿಂದಿನ ಸೀಟಿನಲ್ಲಿ ಮಗುವನ್ನು ಬಿಟ್ಟೇ ಹೋಗುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಎಸಿ ಆರಬಾರದು ಅಂತ ಹೀಗೆ ಮಾಡುತ್ತಾರೆ. ದಯವಿಟ್ಟು ಬೇಡ. ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಇಲ್ಲದೆ ಗಾಡಿ ನಿಲ್ಲಿಸಿ ಹೋಗುವಾಗ ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು ಅಂತ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ನೇ ಹೇಳುತ್ತದೆ. ಕೀ ಕಾರಿನಲ್ಲೇ ಬಿಟ್ಟಾಗ ಕಳುವಾದರೆ ವಿಮೆಯವರೂ ‘ನೀವು ಎಚ್ಚರ ವಹಿಸಲಿಲ್ಲ’ ಅಂತ ತಕರಾರು ತೆಗೆಯುತ್ತಾರೆ.

ಬೆಂಗಳೂರಿನ ಬಡಾವಣೆಗಳಲ್ಲಿ ಎಲ್ಲರಿಗೂ ಗೇಟಿನೊಳಗೆ ಜಾಗ ಇರುವುದಿಲ್ಲ. ಬೀದಿಯಲ್ಲೇ ನಿಲ್ಲಿಸುವವರು ದೀಪದ ಕಂಬದ ಕೆಳಗೆ, ಯಾರಾದರೊಬ್ಬರ ಕಿಟಕಿಗೆ ಕಾಣುವಂತೆ ನಿಲ್ಲಿಸಿ. ಚಕ್ರ ಫುಟ್‌ಪಾತ್ ಕಡೆ ಪೂರ್ತಿ ತಿರುಗಿಸಿ, ಕೀ ತೆಗೆದ ಮೇಲೆ ಸ್ಟೀರಿಂಗ್ ಟಕ್ಕೆಂದು ಬೀಗ ಬೀಳುವವರೆಗೆ ಆಡಿಸಿ. ರಿಮೋಟ್ ಒತ್ತಿದ ಮೇಲೆ ಬಾಗಿಲನ್ನು ಕೈಯಲ್ಲಿ ಎಳೆದು ನೋಡಿ. ಪಕ್ಕದ ಮನೆಯವರ ಕ್ಯಾಮೆರಾ ನಿಮ್ಮ ಕಾರಿನ ಕಡೆ ನೋಡುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅವರೊಂದಿಗೆ ಚೆನ್ನಾಗಿರಿ.

ಕಾರಿನೊಳಗೆ ಬ್ಯಾಗು ಕಾಣುವಂತೆ ಇಡಬೇಡಿ, ಖಾಲಿ ಬ್ಯಾಗೂ ಬೇಡ. ಒಳಗೇನಿದೆ ಅಂತ ಕಳ್ಳನಿಗೆ ಗೊತ್ತಿರುವುದಿಲ್ಲ, ಗಾಜು ಒಡೆದ ಮೇಲೆಯೇ ಅವನು ನೋಡುವುದು. ಕಲ್ಯಾಣ ಮಂಟಪ, ಬ್ಯಾಂಕು, ದೇವಸ್ಥಾನಗಳ ಮುಂದೆ ಇನ್ನೂ ಹುಷಾರಾಗಿರಿ. ‘ಸಾರ್, ಆಯಿಲ್ ಸೋರ್ತಿದೆ’, ‘ಟೈರ್ ಪಂಕ್ಚರ್’, ‘ನಿಮ್ಮ ದುಡ್ಡು ಬಿದ್ದಿದೆ ನೋಡಿ’ ಅಂತ ಯಾರಾದರೂ ಕಿಟಕಿ ತಟ್ಟಿದರೆ ಕೂಡಲೇ ಇಳಿಯಬೇಡಿ. ಗಾಜು ಏರಿಸಿ, ಸ್ವಲ್ಪ ಮುಂದೆ ಜನ ಇರುವಲ್ಲಿ ನಿಲ್ಲಿಸಿ, ಕೀ ತೆಗೆದುಕೊಂಡು ಬಾಗಿಲಿಗೆ ಬೀಗ ಹಾಕಿ ಆಮೇಲೆ ನೋಡಿ.

ಹಬ್ಬಕ್ಕೆ ಊರಿಗೆ ಬಸ್ಸಿನಲ್ಲಿ ಹೋಗುವವರು ಕಾರನ್ನು ಹಾಗೇ ಬಿಟ್ಟು ಹೋಗುತ್ತಾರೆ. ಧೂಳು ತುಂಬಿದ ಗಾಜು ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಸಾರುತ್ತದೆ. ನೆರೆಯವರಿಗೆ ಹೇಳಿ ಎರಡು ದಿನಕ್ಕೊಮ್ಮೆ ಒರೆಸಿಸಿ. ಕೆಲವರು ಬ್ಯಾಟರಿ ವೈರು ಬಿಚ್ಚಿ ಹೋಗುತ್ತಾರೆ. ಅಲಾರಂ, ಜಿಪಿಎಸ್ ಇದ್ದರೆ ಹಾಗೆ ಮಾಡಬೇಡಿ. ಅಲಾರಂ ಸುಮ್ಮನಾಗುತ್ತದೆ, ಜಿಪಿಎಸ್ಸಿನೊಳಗಿನ ಸಣ್ಣ ಬ್ಯಾಟರಿಯೂ ಬೇಗ ಮುಗಿಯುತ್ತದೆ. ಮಾರುತಿ ಈಕೋ ಇಟ್ಟುಕೊಂಡವರಿಗೆ ಒಂದು ಮಾತು. ಕೆಲವು ಕಡೆ ಗಾಡಿ ಬಿಟ್ಟು ಸೈಲೆನ್ಸರನ್ನೇ ಬಿಚ್ಚಿಕೊಂಡು ಹೋಗುತ್ತಾರೆ. ಅದರೊಳಗೆ ಹೊಗೆ ಶುದ್ಧ ಮಾಡುವ ಭಾಗದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳಿರುತ್ತವೆ. ಗಾಡಿ ಎತ್ತರ ಇರುವುದರಿಂದ ಕೆಳಗೆ ನುಸುಳುವುದೂ ಸುಲಭ. ಗೋಡೆಗೆ ಒತ್ತಿಸಿ ನಿಲ್ಲಿಸುವುದು ಒಳಿತು.

ಜಿಪಿಎಸ್ ಕಳ್ಳತನ ತಡೆಯುವುದಿಲ್ಲ, ಕಳುವಾದ ಮೇಲೆ ದಾರಿ ತೋರಿಸುತ್ತದೆ. ಒಬಿಡಿ ಪೋರ್ಟಿಗೆ ಸಿಕ್ಕಿಸುವಂಥದ್ದು ಬೇಡ, ಒಂದೇ ಎಳೆತಕ್ಕೆ ಹೊರಬರುತ್ತದೆ. ಒಳಗೆ ಬಚ್ಚಿಟ್ಟು ವೈರಿಗೆ ಕೂಡಿಸಿ. ಅದರ ಸಿಮ್ ರೀಚಾರ್ಜ್ ಮರೆತರೆ ಇದ್ದೂ ಇಲ್ಲದಂತೆ. ಮ್ಯಾಪಿನಲ್ಲಿ ಕಾರು ಕಂಡಿತು ಅಂತ ನೀವೇ ಬೆನ್ನಟ್ಟಿ ಹೋಗಬೇಡಿ, ಪೊಲೀಸರಿಗೆ ತೋರಿಸಿ.

ಕಾಗದಪತ್ರದ ಮಾತು ಬೇಸರ ತರಿಸುತ್ತದೆ, ಆದರೂ ಓದಿ. ಅಸಲಿ ಆರ್‌ಸಿ ಕಾರಿನಲ್ಲಿ ಬೇಡ. ಮೊಬೈಲಿನ ಸರ್ಕಾರಿ ಆ್ಯಪುಗಳಾದ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ಇದ್ದರೆ ಪೊಲೀಸರು ಒಪ್ಪುತ್ತಾರೆ. ಆರ್‌ಸಿ ಸಮೇತ ಸಿಕ್ಕ ಕಾರನ್ನು ಮಾರುವುದು ಕಳ್ಳನಿಗೆ ಬಹಳ ಸುಲಭ. 2019ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್ ಇದೆ. ಹಳೆಯವಕ್ಕೂ ಹಾಕಿಸಬೇಕು ಅಂತ ಕರ್ನಾಟಕದಲ್ಲಿ 2023ರಲ್ಲಿ ಆದೇಶ ಬಂತು. ಹಾಕಿಸದಿದ್ದರೆ ಹಾಕಿಸಿ. ಅದರ ಲಾಕ್ ಒಮ್ಮೆ ಕಿತ್ತರೆ ಮತ್ತೆ ಕೂರುವುದಿಲ್ಲ. ಪ್ಲೇಟ್ ಮಾತ್ರ ಕಳುವಾದರೂ ಅಂದೇ ದೂರು ಕೊಡಿ, ನಿಮ್ಮ ನಂಬರು ಹಾಕಿಕೊಂಡು ಬೇರೆ ಗಾಡಿ ಎಲ್ಲೋ ಓಡಾಡುತ್ತಿರಬಹುದು.

ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿದವರಿಗೆ ಕಳುವಾದರೆ ಬಿಡಿಗಾಸೂ ಸಿಗದು. ಸಮಗ್ರ ವಿಮೆ ಇದ್ದರೂ ಕೊಂಡ ಬೆಲೆ ಬರುವುದಿಲ್ಲ, ಐಡಿವಿ ಅಂತ ಪಾಲಿಸಿಯಲ್ಲಿ ಬರೆದ ಮೊತ್ತವೇ ಲೆಕ್ಕ. ಅದಕ್ಕೆ ಬಳಸುವ ಪಟ್ಟಿಯಲ್ಲಿ ಒಂದು ವರ್ಷ ದಾಟಿದ ಕಾರಿನ ಬೆಲೆ ಶೇ. 20 ಇಳಿಯುತ್ತದೆ, ನಾಲ್ಕು ವರ್ಷ ದಾಟಿದರೆ ಶೇ. 50. ಕಂತು ಉಳಿಸಲು ಐಡಿವಿ ಕಡಿಮೆ ತೋರಿಸುವ ಏಜೆಂಟರ ಮಾತು ಕೇಳಬೇಡಿ. ಹೊಸ ಕಾರಿಗಾದರೆ ‘ರಿಟರ್ನ್ ಟು ಇನ್ವಾಯ್ಸ್’, ಅಂದರೆ ಕೊಂಡಾಗಿನ ಬಿಲ್ಲಿನ ಮೊತ್ತ ಕೊಡುವ ಹೆಚ್ಚುವರಿ ರಕ್ಷಣೆ, ಸೇರಿಸಿಕೊಳ್ಳಿ.

ಬೆಳಗ್ಗೆ ಎದ್ದಾಗ ಕಾರು ಜಾಗದಲ್ಲಿಲ್ಲ ಅಂದುಕೊಳ್ಳಿ. ಮನೆಯವರು ಯಾರಾದರೂ ಒಯ್ದಿದ್ದಾರೋ, ಟ್ರಾಫಿಕ್ ಪೊಲೀಸರು ಎಳೆದೊಯ್ದಿದ್ದಾರೋ ಬೇಗ ವಿಚಾರಿಸಿ. ಇಲ್ಲ ಅಂತಾದರೆ ತಕ್ಷಣ 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಪ್ರತಿ ಉಚಿತವಾಗಿ ಕೊಡಬೇಕು. ಬೇರೆ ಊರಿನಲ್ಲಿ ಯಾತ್ರೆಗೆ ಹೋದಾಗ ಕಳುವಾದರೂ ನಿಮಗೆ ಹತ್ತಿರದ ಠಾಣೆಯಲ್ಲೇ ದೂರು ದಾಖಲಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನಲ್ಲೇ ಅದಕ್ಕೆ ಅವಕಾಶ ಇದೆ. ಅದೇ ದಿನ ವಿಮೆ ಕಂಪನಿಗೆ, ಸಾಲ ಇದ್ದರೆ ಬ್ಯಾಂಕಿಗೆ ತಿಳಿಸಿ.

ಫಾಸ್ಟ್‌ಟ್ಯಾಗ್ ಅನ್ನು ಅವಸರದಲ್ಲಿ ಬ್ಲಾಕ್ ಮಾಡಬೇಡಿ. ಕಾರು ಟೋಲ್ ದಾಟಿದರೆ ನಿಮ್ಮ ಫೋನಿಗೆ ಮೆಸೇಜ್ ಬರುತ್ತದೆ, ಯಾವ ಟೋಲ್, ಎಷ್ಟು ಗಂಟೆಗೆ ಅಂತ ಪೊಲೀಸರಿಗೆ ತಿಳಿಯುತ್ತದೆ. ಅದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ. ಕಾರು ಸಿಗದೇ ಹೋದರೆ ಪೊಲೀಸರು ಪತ್ತೆಯಾಗಿಲ್ಲ ಅಂತ ‘ಸಿ’ ರಿಪೋರ್ಟ್ ಹಾಕುತ್ತಾರೆ. ವಿಮೆ ಹಣಕ್ಕೆ ಅದು ಬೇಕೇ ಬೇಕು, ತಿಂಗಳುಗಟ್ಟಲೆ ಓಡಾಟ ಆಗಬಹುದು. ಪ್ರತಿ ಪತ್ರದ ಮೇಲೂ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಅಷ್ಟರೊಳಗೆ ಕಾರು ಸಿಕ್ಕಿದರೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕಾಗುತ್ತದೆ. ಸಹಿ ಮಾಡುವ ಮೊದಲು ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿ ಜೊತೆ ತಾಳೆ ನೋಡಿ. ಯಾವ ಭಾಗ ಕಾಣೆಯಾಗಿದೆ ಅಂತ ಅಲ್ಲೇ ಬರೆಸಿ, ಫೋಟೋ ತೆಗೆದು ವಿಮೆಯವರಿಗೆ ಕಳಿಸಿ.